ಒಳಗೆ ಬಾ, ಕೂತ್ಕೊ

ನಾವು ಹೈಸ್ಕೂಲು ಮೇಷ್ಟ್ರುಗಳು, ಟೀಚರುಗಳು, ಹಾಸ್ಟೆಲ್ ವಾರ್ಡನ್‌ಗಳು, ಬಿಸಿಯೂಟದ ಅಡುಗೆಯವರು, ಅಪ್ಪ ಅಮ್ಮಂದಿರು. ಒಂದು ಬಳಗ ಕಟ್ಟಲು ಹೊರಟಿದ್ದೇವೆ. ಹೆಸರಿನ್ನೂ ಇಟ್ಟಿಲ್ಲ, ಕೆಲಸ ಶುರುವಾಗಲಿ.

ಮೊದಲು ತಪ್ಪೊಪ್ಪಿಗೆ. ಪ್ರಾರ್ಥನೆ ಮುಗಿದ ಮೇಲೆ ಬಂದ ಹುಡುಗನನ್ನು ಬಾಗಿಲಾಚೆ ನಿಲ್ಲಿಸಿದವರು ನಾವೇ. ಕಿರುಪರೀಕ್ಷೆಯ ಅಂಕಗಳನ್ನು ಎಲ್ಲರೆದುರು ಜೋರಾಗಿ ಓದಿದವರೂ ನಾವೇ. ‘ನಿನ್ನ ಕೈಲಿ ಏನಾಗುತ್ತೆ, ಎಮ್ಮೆ ಕಾಯೋಕೆ ಹೋಗು’ ಅಂದೆವು. ಕ್ಲಾಸೆಲ್ಲ ನಕ್ಕಿತು. ಅವನೂ ನಕ್ಕ. ಸದ್ಯ, ಬೇಜಾರಾಗಿಲ್ಲ ಅಂದುಕೊಂಡೆವು. (ಎಮ್ಮೆ ಕಾಯುವುದು ನಮ್ಮಲ್ಲಿ ಎಷ್ಟು ಜನರ ಕೈಲಾದೀತು ಎಂಬುದು ಬೇರೆ ಮಾತು.)

ಮಕ್ಕಳಿಗೆ ಆತ್ಮವಿಶ್ವಾಸ ಕಡಿಮೆ ಅನ್ನಿಸಿದಾಗ ನಾವು ಮಾಡುವುದೇನು? ಭಾಷಣಕಾರರೊಬ್ಬರನ್ನು ಕರೆಸುತ್ತೇವೆ. ಮೈಕು, ಶಾಲು, ಹಾರ, ಚಪ್ಪಾಳೆ. ಕುಡಿದು ಬರುವ ಅಪ್ಪನ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟು ರಾತ್ರಿಯೆಲ್ಲ ಎಚ್ಚರವಿದ್ದ ಹುಡುಗಿ ಅದೇ ಸಭೆಯ ಕೊನೆಯ ಸಾಲಿನಲ್ಲಿ ತೂಕಡಿಸುತ್ತಿರುತ್ತಾಳೆ. ಅವಳನ್ನು ಎಬ್ಬಿಸಿ ನಿಲ್ಲಿಸುತ್ತೇವೆ.

ಪೆಟ್ಟು ತಿಂದ ಮನಸ್ಸು ಅಪಾಯ ಕಳೆದ ಮೇಲೂ ಕಾವಲು ಬಿಡುವುದಿಲ್ಲ. ಬೆಂಚು ಎಳೆದ ಸದ್ದಿಗೂ ಮೈ ಸೆಟೆದುಕೊಳ್ಳುತ್ತದೆ. ಒಬ್ಬನಲ್ಲಿ ಅದು ಎದುರುತ್ತರವಾಗಿ ಹೊರಬಂದರೆ ಇನ್ನೊಬ್ಬಳಲ್ಲಿ ಮೌನವಾಗಿ ಹೆಪ್ಪುಗಟ್ಟುತ್ತದೆ. ನಾವು ಮೊದಲನೆಯದನ್ನು ಕೊಬ್ಬು ಎಂದೆವು, ಎರಡನೆಯದನ್ನು ಸೋಮಾರಿತನ ಎಂದೆವು. ದೊಡ್ಡವರಲ್ಲಿದ್ದರೆ ಸ್ವಾಭಿಮಾನ, ಮಕ್ಕಳಲ್ಲಿದ್ದರೆ ಅಹಂಕಾರ: ನಮ್ಮ ನಿಘಂಟೇ ಹಾಗೆ. ಆವೇಗಕ್ಕೆ ಲಗಾಮು ಹಾಕುವ ಮಿದುಳಿನ ಮುಂಭಾಗ ಪೂರ್ತಿ ಮಾಗಲು ಇಪ್ಪತ್ತೈದರ ಹತ್ತಿರವಾಗಬೇಕು. ಹದಿನೈದರ ಹುಡುಗನಿಂದ ನಾವು ಬಯಸುವ ತಾಳ್ಮೆ ನಲವತ್ತೈದರ ನಮ್ಮಲ್ಲೇ ಇಲ್ಲವಲ್ಲ.

ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಜಗಳ, ಮನೆಯವರ ಕುಡಿತ, ಕಾಯಿಲೆ, ಇಂಥ ಹಲವು ಕಷ್ಟಗಳು ಒಟ್ಟಿಗೇ ಮುತ್ತಿದ್ದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಪಾಲು ನೆಟ್ಟಗೆ ಬೆಳೆದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ಕೈಬಿಡದ ಒಬ್ಬರಾದರೂ ದೊಡ್ಡವರು: ಅಜ್ಜಿ, ಚಿಕ್ಕಮ್ಮ, ಮೇಷ್ಟ್ರು, ಯಾರಾದರೂ ಸರಿ. ನಮ್ಮ ಬಳಗದ ನಂಬಿಕೆ ನಿಂತಿರುವುದು ಈ ‘ಒಬ್ಬರ’ ಮೇಲೆ. ತನ್ನ ಮೇಲಿನ ಗೌರವ ಹೊಗಳಿಕೆಯಿಂದ ಹುಟ್ಟುವುದಿಲ್ಲ. ಮಾತು ಕೊಟ್ಟ ದೊಡ್ಡವರು ಮಾತು ಉಳಿಸಿಕೊಂಡದ್ದನ್ನು ಹತ್ತಾರು ಸಲ ಕಂಡ ಮಗು, ತಾನೂ ಲೆಕ್ಕಕ್ಕಿದ್ದೇನೆ ಎಂದು ನಿಧಾನಕ್ಕೆ ನಂಬತೊಡಗುತ್ತದೆ.

ಹಾಗಾಗಿ, ಬುಧವಾರ ಸಿಗುತ್ತೇನೆ ಎಂದರೆ ಬುಧವಾರ ಸಿಗುತ್ತೇವೆ. ಅಂಕ ಓದಿ ಹೇಳುವುದಿಲ್ಲ, ಪತ್ರಿಕೆಯನ್ನು ಮಡಚಿ ಕೈಗೆ ಕೊಡುತ್ತೇವೆ. ಹೋಲಿಸುವುದಿಲ್ಲ, ಅಣ್ಣನ ಜೊತೆಗೂ ಇಲ್ಲ, ಪಕ್ಕದ ಮನೆಯವಳ ಜೊತೆಗೂ ಇಲ್ಲ. ‘ನಿನಗೇನಾಗಿದೆ ರೋಗ’ ಎನ್ನುವ ನಾಲಿಗೆಯನ್ನು ‘ಏನಾಯ್ತಪ್ಪಾ’ ಎನ್ನಲು ಪಳಗಿಸುತ್ತೇವೆ. ಕೇಳಿದ ಮೇಲೆ ಒತ್ತಾಯಿಸುವುದಿಲ್ಲ, ಹೇಳದಿರುವ ಹಕ್ಕು ಮಗುವಿಗಿದೆ. ನಾವು ತಪ್ಪಿದ ದಿನ ಅದೇ ಕ್ಲಾಸಿನಲ್ಲಿ, ಎಲ್ಲರೆದುರೇ ಕ್ಷಮೆ ಕೇಳುತ್ತೇವೆ. ಇದು ಎಲ್ಲಕ್ಕಿಂತ ಕಷ್ಟ ಎಂದು ಗೊತ್ತಿದೆ.

‘ಯಾರಿಗೂ ಹೇಳಲ್ಲ’ ಎಂಬ ಭಾಷೆಯನ್ನು ಮಾತ್ರ ಕೊಡುವುದಿಲ್ಲ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಆ ಮಾತನ್ನು ಮಗುವಿಗೆ ಮೊದಲೇ ಹೇಳಿ, ಮುಂದಿನ ಹೆಜ್ಜೆಗಳಲ್ಲಿ ಜೊತೆಗಿರುತ್ತೇವೆ. ನಾವು ವೈದ್ಯರೂ ಅಲ್ಲ. ನಮ್ಮ ಕೈ ಮೀರಿದ್ದಕ್ಕೆ ಮಕ್ಕಳ ಸಹಾಯವಾಣಿ 1098 ಇದೆ, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416 ಇದೆ. ಎರಡನ್ನೂ ಹಾಸ್ಟೆಲ್ಲಿನ ಊಟದ ಮನೆಯ ಗೋಡೆಯ ಮೇಲೆ ಬರೆಸುತ್ತೇವೆ, ಆಫೀಸು ರೂಮಿನಲ್ಲಲ್ಲ.

ದಂಡಂ ದಶಗುಣಂ ಎನ್ನುವವರು ಸಿಟ್ಟಾಗುತ್ತಾರೆ. ‘ನಾವೂ ಹೊಡೆಸಿಕೊಂಡೇ ಬೆಳೆದವರು, ಏನಾಗಿದೆ ನಮಗೆ?’ ಎನ್ನುತ್ತಾರೆ. ಏನಾಗಿದೆ ಎಂದರೆ, ಇವತ್ತು ನಮ್ಮ ಕೈಯಲ್ಲೂ ಬೆತ್ತವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಆ ಕಾಯ್ದೆಯ ಲೆಕ್ಕದ ಮಗುವಿಗೆ 6ರಿಂದ 14 ವರ್ಷ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೂ ಅದೇ ರಕ್ಷಣೆ ಅಷ್ಟೇ ಸ್ಪಷ್ಟವಾಗಿ ಬೇಕೆಂದು ನಾವು ಸರ್ಕಾರವನ್ನು ಒತ್ತಾಯಿಸುತ್ತೇವೆ. ಶಿಸ್ತು ಬೇಡ ಎನ್ನುತ್ತಿಲ್ಲ. ನಿಯಮ ಇರಲಿ, ಅದು ಮೇಷ್ಟ್ರ ಮೂಡಿನ ಜೊತೆ ಬದಲಾಗದಿರಲಿ. ಮನೆಯಲ್ಲಿ ಯಾವ ಹೊತ್ತಿಗೆ ಏನಾಗುತ್ತದೋ ತಿಳಿಯದ ಮಗುವಿಗೆ ಬದಲಾಗದ ನಿಯಮವೇ ಒಂದು ಆಸರೆ.

ಸದಸ್ಯತ್ವಕ್ಕೆ ಶುಲ್ಕವಿಲ್ಲ, ಅರ್ಜಿಯಿಲ್ಲ. ನಾಳೆ ಬೆಳಗ್ಗೆ ತಡವಾಗಿ ಬಂದವರನ್ನು ಒಳಗೆ ಕರೆದು ಕೂರಿಸಿ. ಕಾರಣವನ್ನು ಮಧ್ಯಾಹ್ನ, ಊಟವಾದ ಮೇಲೆ, ಒಬ್ಬರೇ ಇದ್ದಾಗ ಕೇಳಿ.