ಅಕ್ಷರ ಕಲಿಯುವ ಹಿರಿಯರಿಗೆ ಕವಿತೆ ಬರೆಯುವುದನ್ನೂ ಕಲಿಸಬೇಕೆ?

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ 75.36. ಯಾದಗಿರಿ ಜಿಲ್ಲೆಯಲ್ಲಿ ಅದು ಶೇ 51.83 ಮಾತ್ರ. 2022ರಲ್ಲಿ ಶುರುವಾದ ನವಭಾರತ ಸಾಕ್ಷರತಾ ಕಾರ್ಯಕ್ರಮ (ಉಲ್ಲಾಸ್) 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಅನಕ್ಷರಸ್ಥರಿಗೆ ಸ್ವಯಂಸೇವಕರ ಮೂಲಕ ಓದು, ಬರಹ, ಲೆಕ್ಕ ಕಲಿಸುತ್ತಿದೆ. ಈ ತರಗತಿಗಳಲ್ಲಿ ಕವಿತೆ ಬರೆಯುವುದಕ್ಕೂ ಜಾಗ ಇರಬೇಕೆ?

ಪರ: ಹಾಡು ಕಟ್ಟಿದವಳೇ ಬರೆದಿಡಲಿ

ಹಗಲಿಡೀ ಹತ್ತಿ ಬಿಡಿಸಿ ಬಂದ ಐವತ್ತರ ಹೆಂಗಸಿನಿಂದ ‘ಕಮಲ ಬಂದಳು’ ಎಂದು ಹತ್ತು ಸಲ ಬರೆಸುತ್ತೇವೆ. ಆ ವಾಕ್ಯ ಆಕೆಯದಲ್ಲ, ಮರುದಿನ ತರಗತಿಗೆ ಬರಲು ಅದು ಕಾರಣವೂ ಆಗುವುದಿಲ್ಲ. ಆಕೆಯ ನಾಲಿಗೆಯ ಮೇಲೆ ಸೋಬಾನೆ ಇದೆ, ಬೀಸುವ ಪದ ಇದೆ. ಅಲ್ಲಿಂದ ಏಕೆ ಶುರು ಮಾಡಬಾರದು?

ಹಲಸಂಗಿ ಗೆಳೆಯರು ಸಂಗ್ರಹಿಸಿದ ಜನಪದ ಹಾಡುಗಳ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಆ ಪದಗಳನ್ನು ಕಟ್ಟಿ ಹಾಡಿದವರು ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳು, ಬರೆದುಕೊಂಡವರು ಓದು ಬಂದ ಗಂಡಸರು. ಆ ಗೆಳೆಯರ ಋಣ ದೊಡ್ಡದು. ಇನ್ನಾದರೂ ಬರೆದಿಡುವ ಕೆಲಸ ಹಾಡುವವಳ ಕೈಗೇ ಬರಲಿ.

ಕಲಿಕೆಗೂ ಇದು ಸುಲಭದ ದಾರಿ. ಇಂಥ ಹಾಡುಗಳ ತ್ರಿಪದಿಗೆ ಮೂರೇ ಸಾಲು. ಬಾಯಿಗೆ ಬಂದ ಸಾಲನ್ನು ಬರೆಯುವಾಗ ಮುಂದಿನ ಪದಕ್ಕೆ ತಡಕಾಡಬೇಕಿಲ್ಲ, ಗಮನವೆಲ್ಲ ಅಕ್ಷರದ ಮೇಲೇ ನಿಲ್ಲುತ್ತದೆ. ‘ಕಲ್ಲು’ ಬದಲು ‘ಕಲು’ ಎಂದು ಬರೆದವಳು ಅದನ್ನೇ ಹಾಡಿ ನೋಡಿದರೆ ಲಯ ತಪ್ಪುತ್ತದೆ. ಒತ್ತು ಬಿಟ್ಟುಹೋಗಿದೆ ಎಂದು ಆಕೆಯ ಕಿವಿಯೇ ಹೇಳುತ್ತದೆ. ಆಮೇಲೆ ಮೊದಲೆರಡು ಸಾಲು ಹಳೆಯ ಹಾಡಿನವು ಇರಲಿ, ಮೂರನೆಯದನ್ನು ಇವತ್ತಿನ ಕೂಲಿಯ ಬಗ್ಗೆ ಆಕೆಯೇ ಕಟ್ಟಲಿ.

1963ರಲ್ಲಿ ಬ್ರೆಜಿಲ್‌ನ ಅಂಜಿಕೋಸ್‌ನಲ್ಲಿ ಶಿಕ್ಷಣ ಚಿಂತಕ ಪೌಲೋ ಫ್ರೇರೆ ಸುಮಾರು 300 ದುಡಿಮೆಗಾರರಿಗೆ ಅಕ್ಷರ ಕಲಿಸಲು ಆರಿಸಿಕೊಂಡದ್ದು ಅವರ ಬದುಕಿನ ಪದಗಳನ್ನೇ. ನಮ್ಮವರ ಬದುಕಿನ ಪದಗಳು ಹಾಡಿನಲ್ಲೇ ಇವೆ. ಸಹಿ ಹಾಕಲು ಬಂದರೆ ಸಾಕು ಎನ್ನುವುದು ಬಡವರಿಗೆ ಇಷ್ಟೇ ಸಾಕು ಎಂದಂತೆ. ಅದನ್ನು ನಾವು ಒಪ್ಪಬಾರದು.

ವಿರೋಧ: ಮೊದಲು ಪಾಸ್‌ಬುಕ್ ಓದಲು ಬರಲಿ

ಆಕೆ ತರಗತಿಗೆ ಬಂದದ್ದು ಏನು ಕೇಳಿಕೊಂಡು? ಬಸ್ಸಿನ ಬೋರ್ಡು ಓದಬೇಕು, ಉದ್ಯೋಗ ಖಾತ್ರಿಯ ಕೂಲಿ ಜಮೆ ಆಯಿತೇ ತಿಳಿಯಬೇಕು, ಸಂಘದ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಬಡ್ಡಿ ಎಷ್ಟೆಂದು ಗೊತ್ತಾಗಬೇಕು. ಪಾಸ್‌ಬುಕ್ಕಿನ ಪುಟ ತೆರೆದು ನೋಡಿ: ತಾರೀಖು, ಜಮೆ, ಖರ್ಚು, ಬಾಕಿ ಬೇರೆ ಬೇರೆ ಕಾಲಂಗಳಲ್ಲಿವೆ, ಅಂಕಿಗಳು ಕನ್ನಡದವಲ್ಲ. ಇದೊಂದನ್ನು ಬಿಡಿಸಿ ಹೇಳಲು ಎಷ್ಟೋ ಸಂಜೆ ಬೇಕು. ಉಲ್ಲಾಸ್ ಪರೀಕ್ಷೆಯ 150 ಅಂಕಗಳಲ್ಲಿ ಓದು, ಬರಹ, ಲೆಕ್ಕಕ್ಕೆ ತಲಾ 50. ಅಡುಗೆ ಮುಗಿಸಿ ಬಂದವಳ ಒಂದು ಗಂಟೆಯನ್ನು ನಮ್ಮ ಆಸೆಗೆ ಹಂಚುವ ಹಕ್ಕು ನಮಗಿಲ್ಲ.

ಕಲಿಸುವವರು ಯಾರು ಎಂಬುದನ್ನೂ ಕೇಳಬೇಕು. ಸ್ವಯಂಸೇವಕರಿಗೆ ಅಕ್ಷರ ಕಲಿಸುವ ತರಬೇತಿಯೇ ಅಲ್ಪ. ಆಕೆ ‘ಹೊಲ್ದಾಗ’ ಎಂದು ಬರೆದರೆ ಅವರು ‘ಹೊಲದಲ್ಲಿ’ ಎಂದು ತಿದ್ದುತ್ತಾರೆ. ಆ ಹೊತ್ತಿಗೇ ಹಾಡು ಕೆಟ್ಟಿತು. ನಿಕರಾಗುವಾದಲ್ಲಿ 1980ರ ಸಾಕ್ಷರತಾ ಆಂದೋಲನದ ಕಾಲದಲ್ಲಿ ಸಂಸ್ಕೃತಿ ಸಚಿವರಾಗಿದ್ದ ಕವಿ ಎರ್ನೆಸ್ಟೋ ಕಾರ್ಡೆನಾಲ್ ಜನಸಾಮಾನ್ಯರಿಗೆ ಕಾವ್ಯ ಕಮ್ಮಟ ನಡೆಸಿದರು. ಅಲ್ಲಿನ ಕವಿತೆಗಳೆಲ್ಲ ಒಂದೇ ಥರ ಆಗುತ್ತಿವೆ ಎಂದು ಅಲ್ಲಿನ ಲೇಖಕರೇ ಆಕ್ಷೇಪ ಎತ್ತಿದರು. ಕವಿಯ ಉಸ್ತುವಾರಿಯಲ್ಲೇ ಹೀಗಾದರೆ ನಮ್ಮಲ್ಲಿ ಶೌಚಾಲಯ, ಸ್ವಚ್ಛತೆಯ ಘೋಷಣೆಗಳೇ ಪ್ರಾಸ ಹೊತ್ತು ಬರುತ್ತವೆ.

ಎಲ್ಲಕ್ಕಿಂತ ದೊಡ್ಡ ಆತಂಕ ಇನ್ನೊಂದು. ಬೀಸುವಾಗ ಅತ್ತೆ, ಗಂಡನ ಕಾಟವನ್ನು ಹಾಡಿದರೆ ಅದು ಎಲ್ಲರ ಹಾಡು. ಇಂಥವಳೇ ಹೇಳಿದಳು ಎಂದು ಯಾರೂ ಬೊಟ್ಟು ಮಾಡುವಂತಿಲ್ಲ. ಹಾಳೆಯ ಮೇಲೆ ಬರೆದು ಹೆಸರು ಹಾಕಿದರೆ ಅದು ಆಕೆಯೊಬ್ಬಳದೇ ಆಗುತ್ತದೆ, ಅದೇ ಊರಿನ ಹತ್ತು ಜನರ ಎದುರು. ಆ ಹಾಳೆ ಮನೆ ತಲುಪಿದ ರಾತ್ರಿ ಆಕೆಯ ಜತೆ ನಿಲ್ಲಲು ನಾವಿರುವುದಿಲ್ಲ.

ಕವಿತೆ ಬೇಡವೆಂಬುದು ನಮ್ಮ ಮಾತಲ್ಲ. ಓದು ಕೈಹಿಡಿದ ಮೇಲೆ, ಬೇಕೆಂದು ಅವರೇ ಕೇಳಿದಾಗ, ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಆ ಕೂಟ ನಡೆಯಲಿ. ಬರೆದದ್ದನ್ನು ಓದಿ ತೋರಿಸುವುದೋ ಮಡಚಿಟ್ಟುಕೊಳ್ಳುವುದೋ ಎಂಬ ತೀರ್ಮಾನ ಬರೆದವರದೇ ಆಗಿರಲಿ.