ನಲ್ಲಿಗೂ ಚರಂಡಿಗೂ ಎಷ್ಟು ಅಂತರ?

2024ರ ಜೂನ್ ತಿಂಗಳಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿ ಎಂಬ ಊರಿನ ಹೆಸರು ರಾಜ್ಯದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಜಾತ್ರೆಯ ಬೆನ್ನಲ್ಲೇ ಊರಿನಲ್ಲಿ ವಾಂತಿಭೇದಿ ಹರಡಿತು. ಅನೇಕರು ಆಸ್ಪತ್ರೆ ಸೇರಿದರು, ಸಾವುಗಳೂ ಸಂಭವಿಸಿದವು. ಕುಡಿಯುವ ನೀರು ಕಲುಷಿತಗೊಂಡಿತ್ತೆಂಬ ದೂರು ಎದ್ದಿತು. ಅದರ ಹಿಂದಿನ ವರ್ಷ, 2023ರ ಆಗಸ್ಟ್‌ನಲ್ಲಿ, ಶಿರಾದ ನೆರೆಯ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಇಂಥದೇ ದುರಂತ ನಡೆದಿತ್ತು. ಕೆಲವು ದಿನಗಳ ಕಾಲ ಎರಡೂ ಊರುಗಳು ಸುದ್ದಿಯಲ್ಲಿದ್ದವು. ಆಮೇಲೆ ಸುದ್ದಿ ಬೇರೆ ಕಡೆಗೆ ಹೊರಟುಹೋಯಿತು.

ನಮ್ಮನ್ನು ಕಾಡುವ ಪ್ರಶ್ನೆಯೆಂದರೆ, ಸಾವು ಸಂಭವಿಸುವ ಹಿಂದಿನ ದಿನ ಅದು ಏಕೆ ಸುದ್ದಿಯಾಗಿರಲಿಲ್ಲ ಎಂಬುದು. ಕೊಳವೆಗಳು ಒಂದೇ ರಾತ್ರಿಯಲ್ಲಿ ಒಡೆಯುವುದಿಲ್ಲ. ಟ್ಯಾಂಕ್‌ಗಳು ಒಂದೇ ವಾರದಲ್ಲಿ ಪಾಚಿಗಟ್ಟುವುದಿಲ್ಲ. ನಲ್ಲಿಯಲ್ಲಿ ವಾಸನೆ ಬರುತ್ತಿದೆಯೆಂದು ಯಾರೋ ಒಬ್ಬ ತಾಯಿ ಬಿಂದಿಗೆಯ ನೀರನ್ನು ಚೆಲ್ಲಿ ಮತ್ತೆ ಹಿಡಿಯುವ ಮುಂಜಾವುಗಳು ಯಾವ ಊರಿನಲ್ಲೂ ಅಪರೂಪವಲ್ಲ. ಆಕೆಯ ಮಾತು ಪಕ್ಕದ ಮನೆಯ ಜಗಲಿಯನ್ನು ದಾಟಿ ಹೋಗುವುದಿಲ್ಲ ಅಷ್ಟೆ. ಅದೇ ಬಸ್ ನಿಲ್ದಾಣದಲ್ಲಿ ಎರಡು ಧರ್ಮಗಳಿಗೆ ಸೇರಿದ ಇಬ್ಬರು ಹುಡುಗರು ಕೈಕೈ ಮಿಲಾಯಿಸಿದರೆ, ಅರ್ಧ ಗಂಟೆಯೊಳಗೆ ಶಿರಾದಿಂದ ಪಾವಗಡದವರೆಗೆ ಪ್ರತಿ ಮನೆಯ ಮೊಬೈಲ್ ಗುನುಗುಡುತ್ತದೆ. ಯಾವುದು ಸುದ್ದಿ, ಯಾವುದು ಸುದ್ದಿಯಲ್ಲ ಎಂಬುದನ್ನು ನಿರ್ಧರಿಸುವ ಅಧಿಕಾರವನ್ನು ನಾವು ಯಾರ ಕೈಗೆ ಒಪ್ಪಿಸಿದ್ದೇವೆ? ಈ ದೋಷದಿಂದ ನಾವೂ ಮುಕ್ತರಲ್ಲ. ದೆಹಲಿಯ ರಾಜಕೀಯಕ್ಕೆ, ದೂರದ ಯುದ್ಧಗಳಿಗೆ ನಮ್ಮಂಥ ಪತ್ರಿಕೆಗಳು ಮೀಸಲಿಟ್ಟ ಅಂಕಣಗಳನ್ನೂ, ಓದುಗರ ಬೀದಿಯ ನಲ್ಲಿಗೆ ಮೀಸಲಿಟ್ಟ ಅಂಕಣಗಳನ್ನೂ ಅಕ್ಕಪಕ್ಕದಲ್ಲಿಟ್ಟರೆ ನಾಚಿಕೆಯಾಗುತ್ತದೆ.

ತುಮಕೂರು ಜಿಲ್ಲೆಯ ಈ ಉತ್ತರ ಮತ್ತು ಪೂರ್ವದ ತಾಲ್ಲೂಕುಗಳಲ್ಲಿ ನೀರಿನ ಬಗ್ಗೆ ಮಾತಿಗೇನೂ ಬರವಿಲ್ಲ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಲಾದ 5,300 ಕೋಟಿ ರೂಪಾಯಿಯ ಸುತ್ತ ಕೇಂದ್ರ ಮತ್ತು ರಾಜ್ಯಗಳ ನಡುವೆ ನಡೆದ ವಾಗ್ವಾದವನ್ನು ಎಲ್ಲರೂ ಬಲ್ಲರು. ಹೇಮಾವತಿಯ ಎಕ್ಸ್‌ಪ್ರೆಸ್ ಕಾಲುವೆಯ ವಿವಾದವು 2025ರಲ್ಲಿ ಜಿಲ್ಲೆಯ ಜನರನ್ನು ಬೀದಿಗಿಳಿಸಿತು. ಅದೇ ವರ್ಷದ ಜುಲೈಯಲ್ಲಿ ತುಂಗಭದ್ರಾ ಹಿನ್ನೀರಿನ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯು ಪಾವಗಡದಲ್ಲಿ ಉದ್ಘಾಟನೆಗೊಂಡಿತು. ಇವೆಲ್ಲ ದೊಡ್ಡ ಸಂಗತಿಗಳು, ಅಗತ್ಯವಾದ ಸಂಗತಿಗಳು. ಆದರೆ ಹೇಮಾವತಿಯೇ ಬರಲಿ, ತುಂಗಭದ್ರೆಯೇ ಬರಲಿ, ನೂರಾರು ಮೈಲಿ ಸುರಕ್ಷಿತವಾಗಿ ಹರಿದು ಬಂದ ನೀರು ಕೊನೆಯ ನೂರು ಅಡಿಯಲ್ಲಿ, ನಮ್ಮ ಗಲ್ಲಿಯ ಚರಂಡಿಯೊಳಗೆ ಹಾಯಿಸಿದ ಹಳೆಯ ಕೊಳವೆಯ ಮೂಲಕವೇ ಮನೆ ಸೇರಬೇಕು. ಆ ನೂರು ಅಡಿಯ ಬಗ್ಗೆ ವಿಧಾನಸಭೆಯಲ್ಲಿ ಚರ್ಚೆಯಾಗುವುದಿಲ್ಲ. ಅದು ಶಿರಾ ನಗರಸಭೆಯ, ಮಧುಗಿರಿ ಮತ್ತು ಪಾವಗಡ ಪುರಸಭೆಗಳ, ಕೊರಟಗೆರೆ ಪಟ್ಟಣ ಪಂಚಾಯಿತಿಯ ಹೊಣೆ. ಮತ್ತು, ಸ್ವಲ್ಪ ಮಟ್ಟಿಗೆ, ನಮ್ಮದು.

ಈ ನೂರು ಅಡಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಅರಿಯಲು ಇಂಜಿನಿಯರಿಂಗ್ ಪದವಿಯೇನೂ ಬೇಕಿಲ್ಲ. ನಮ್ಮ ಪಟ್ಟಣಗಳಲ್ಲಿ ನೀರು ದಿನವಿಡೀ ಹರಿಯುವುದಿಲ್ಲ. ನೀರುಗಂಟಿ ಬಂದು ವಾಲ್ವ್ ತಿರುಗಿಸಿದಾಗ ಒಂದೆರಡು ಗಂಟೆ ಬಂದು ನಿಲ್ಲುತ್ತದೆ. ಹರಿಯುವಾಗ ಕೊಳವೆಯೊಳಗೆ ಒತ್ತಡವಿರುವುದರಿಂದ ಬಿರುಕಿನ ಮೂಲಕ ನೀರು ಹೊರಗೆ ಸೋರುತ್ತದೆಯೇ ಹೊರತು ಹೊರಗಿನ ಕೊಳೆ ಒಳಗೆ ಬರುವುದಿಲ್ಲ. ವಾಲ್ವ್ ಮುಚ್ಚಿದ ಮೇಲೆ ಸ್ಥಿತಿ ತಿರುಗುಮುರುಗಾಗುತ್ತದೆ. ಬರಿದಾದ ಕೊಳವೆ ಸುತ್ತಲಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಸುತ್ತಲಿರುವುದು ಚರಂಡಿಯಾದರೆ ಎಳೆದುಕೊಳ್ಳುವುದು ಚರಂಡಿಯನ್ನೇ. ಮುಂದಿನ ಸರದಿಯಲ್ಲಿ ಮೊದಲು ಬರುವ ಕೆಂಪಗಿನ, ನಾತದ ನೀರು ಅದೇ. ಅದನ್ನು ಕೆಲವು ನಿಮಿಷ ಹೊರಗೆ ಬಿಟ್ಟು ಆಮೇಲೆ ಹಿಡಿಯುವ ನಮ್ಮ ಹೆಂಗಸರ ರೂಢಿಯಲ್ಲಿ ವಿವೇಕವಿದೆ. ಆದರೆ ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ರೋಗಾಣುಗಳು ಹೋದವೆಂದು ಅರ್ಥವಲ್ಲ. ತುದಿಯ ಮನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ಮಾನದಂಡ ಇರುವುದು ಇದೇ ಕಾರಣಕ್ಕೆ. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಸುರಿದರೆ ಕರ್ತವ್ಯ ಮುಗಿಯಿತೆನ್ನುವವರು ತುದಿಯ ಮನೆಯ ನಲ್ಲಿಗೆ ಬಂದು ಪರೀಕ್ಷಿಸುವುದಿಲ್ಲ.

ಇಲ್ಲಿ ಅಹಿತವಾದ ಒಂದು ಮಾತನ್ನೂ ಹೇಳಬೇಕಾಗಿದೆ. ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಮನೆಗಳವರು ನಲ್ಲಿಯ ಕೊಳವೆಗೇ ಮೋಟಾರು ಜೋಡಿಸಿಲ್ಲ? ನೀರು ಬರುತ್ತಲೇ ಗುಂಡಿ ಒತ್ತಿ ಎಳೆದುಕೊಳ್ಳುವ ಆ ಮೋಟಾರು ಎರಡು ಅನ್ಯಾಯಗಳನ್ನು ಏಕಕಾಲದಲ್ಲಿ ಮಾಡುತ್ತದೆ. ಬೀದಿಯ ತುದಿಯಲ್ಲಿರುವ ಬಡ ವಿಧವೆಯ ಪಾಲಿನ ನೀರನ್ನು ಕಸಿಯುವುದು ಒಂದು. ನೀರು ಹರಿಯುತ್ತಿರುವಾಗಲೇ ಕೊಳವೆಯ ಒತ್ತಡವನ್ನು ಕುಗ್ಗಿಸಿ ಬಿರುಕಿನಿಂದ ಚರಂಡಿಯ ಕೊಳೆಯನ್ನು ಇಡೀ ಬೀದಿಯ ಪಾಲಿಗೆ ಒಳಗೆ ಎಳೆಯುವುದು ಇನ್ನೊಂದು. ನೆರೆಯವನ ಹಕ್ಕಿನ ಕುರಿತು ಜುಮಾ ಭಾಷಣಗಳಲ್ಲಿ ನಾವು ಕೇಳದ ವರ್ಷವಿಲ್ಲ. ಕೇಳಿ ಮನೆಗೆ ಬಂದು ಮೋಟಾರಿನ ಗುಂಡಿ ಒತ್ತುವವರೂ ನಾವೇ. ಪುರಸಭೆಯವರು ದಾಳಿ ಮಾಡಿ ಮೋಟಾರು ಜಪ್ತಿ ಮಾಡಿದರೆ ಮೊದಲು ಶಿಫಾರಸಿಗೆ ಓಡುವವರು ಜಮಾಅತ್ ಕಮಿಟಿಯ ಹಿರಿಯರೇ ಆಗಿರುತ್ತಾರೆ. ಮೋಟಾರು ಬೇಕೇ ಬೇಕೆನ್ನುವವರು ನೆಲದಡಿಯಲ್ಲಿ ಸಂಪ್ ಕಟ್ಟಿಸಿ, ನಲ್ಲಿಯ ನೀರು ತಾನಾಗಿ ಅದಕ್ಕೆ ಇಳಿದ ಮೇಲೆ ಮಾಳಿಗೆಯ ಟ್ಯಾಂಕಿಗೆ ಏರಿಸಿಕೊಳ್ಳಲಿ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ.

ಪಾವಗಡದ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಶತ್ರು ಚರಂಡಿಯಿಂದ ಬರುವುದಿಲ್ಲ, ಬಂಡೆಯೊಳಗಿಂದ ಬರುತ್ತದೆ. ಆಳದ ಕೊಳವೆ ಬಾವಿಗಳ ನೀರಿನಲ್ಲಿರುವ ಫ್ಲೋರೈಡ್ ಆ ತಾಲ್ಲೂಕಿನ ಎಷ್ಟೋ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳನ್ನು ಎಳೆದಿದೆ, ಹಿರಿಯರ ಮಂಡಿ ಮತ್ತು ಬೆನ್ನನ್ನು ಬಿಗಿದಿದೆ. ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಣೀಯ ಮಿತಿ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಮನೆಗಳಲ್ಲಿ ಇಂದಿಗೂ ಇರುವ ಒಂದು ತಪ್ಪು ತಿಳಿವಳಿಕೆಯೆಂದರೆ ಕುದಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನ್ ತುಂಬಿಸಿಕೊಳ್ಳುವವರು, ಆ ಘಟಕದ ಶೋಧಕ ಪೊರೆಯನ್ನು ಕೊನೆಯ ಬಾರಿಗೆ ಯಾವಾಗ ಬದಲಿಸಲಾಯಿತೆಂದು ಕೇಳಿದ್ದಾರೆಯೇ? ಕೆಲವೆಡೆ ಪೆನ್ನಿನಂಥ ಒಂದು ಮಾಪಕವನ್ನು ನೀರಿಗೆ ಅದ್ದಿ ಅಂಕಿ ತೋರಿಸಿ ಗ್ರಾಹಕರನ್ನು ಸಮಾಧಾನಪಡಿಸುತ್ತಾರೆ. ಆ ಮಾಪಕ ತೋರಿಸುವುದು ನೀರಿನಲ್ಲಿ ಕರಗಿದ ಒಟ್ಟು ಲವಣಾಂಶವನ್ನು. ಅದರಿಂದ ಫ್ಲೋರೈಡ್ ಎಷ್ಟಿದೆಯೆಂಬುದೂ ತಿಳಿಯದು, ರೋಗಾಣು ಇದೆಯೆಂಬುದೂ ತಿಳಿಯದು.

2018ರಲ್ಲಿ ಉದ್ಘಾಟನೆಗೊಂಡು, ಮುಂದೆ 2,050 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆದ ತಿರುಮಣಿಯ ಸೌರ ವಿದ್ಯುತ್ ಪಾರ್ಕ್‌ನಿಂದಾಗಿ ಪಾವಗಡದ ಹೆಸರು ಜಗತ್ತಿನ ಭೂಪಟದಲ್ಲಿ ಬಂದಿದೆ. ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟ ಸಂಗತಿಯನ್ನು ವಿದೇಶಿ ಪತ್ರಕರ್ತರೂ ಬಂದು ಬರೆದುಕೊಂಡು ಹೋದರು. ಬಿಸಿಲನ್ನು ಹತ್ತಾರು ಚದರ ಕಿಲೋಮೀಟರು ಉದ್ದಗಲಕ್ಕೆ ಅಳೆದು ಲೆಕ್ಕವಿಡಬಲ್ಲ ಆಡಳಿತಕ್ಕೆ ಒಂದು ಬೀದಿಯ ನೀರನ್ನು ಅಳೆದು ಗೋಡೆಗೆ ಅಂಟಿಸುವುದು ಅಸಾಧ್ಯವೆಂದು ನಾವು ನಂಬಲಾರೆವು.

ಹಳೆಯ ಶಿರಾ ಇದಕ್ಕೆ ಭಿನ್ನವಾಗಿತ್ತು ಎಂದು ಹೇಳಿಕೊಳ್ಳುವುದು ನಮ್ಮವರಿಗೆ ಪ್ರಿಯವಾದ ವಿಷಯ. 1687ರಿಂದ ಸುಮಾರು ಎಪ್ಪತ್ತು ವರ್ಷ ಅದು ಮೊಘಲರ ಪ್ರಾಂತ್ಯದ ರಾಜಧಾನಿ. ಮಲಿಕ್ ರಿಹಾನ್ ದರ್ಗಾ, ಜಾಮಿಯಾ ಮಸೀದಿಗಳು ಇಂದಿಗೂ ನಿಂತಿವೆ. ಹೈದರಾಲಿಯ ಲಾಲ್‌ಬಾಗ್‌ಗೆ ಇಲ್ಲಿಯ ಖಾನ್‌ಬಾಗ್ ಮಾದರಿಯಾಯಿತೆಂದು ಹೇಳುವುದುಂಟು. ಒಣನೆಲದಲ್ಲಿ ಉದ್ಯಾನ ಬೆಳೆಸಿದವರು ನೀರಿನ ಲೆಕ್ಕವನ್ನು ಬಲ್ಲವರೇ ಆಗಿದ್ದಿರಬೇಕು. ಅಷ್ಟಕ್ಕೆ ಆ ಹೆಮ್ಮೆ ಸಾಕು.

ಕಳೆದ ಶತಮಾನದಲ್ಲಿ ನಮ್ಮ ಉಪಖಂಡದಿಂದ ವಲಸೆ ಹೋದವರ ಮಕ್ಕಳು ಮೊಮ್ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬದುಕುತ್ತಿರುವ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಕಡೆಗೆ ಒಮ್ಮೆ ನೋಡೋಣ. 2021ರ ಜನಗಣತಿಯಂತೆ ಅಲ್ಲಿಯ ನಿವಾಸಿಗಳಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಮುಸ್ಲಿಮರು. 2023ರಲ್ಲಿ ಆ ನಗರಾಡಳಿತ ತನ್ನ ಬೊಕ್ಕಸ ಬರಿದಾಗಿದೆಯೆಂದು ಅಧಿಕೃತವಾಗಿ ಘೋಷಿಸಿತು. 2025ರಲ್ಲಿ ಕಸ ಒಯ್ಯುವ ನೌಕರರು ಮುಷ್ಕರ ಹೂಡಿದಾಗ ಬೀದಿಗಳಲ್ಲಿ ಸುಮಾರು 17,000 ಟನ್ ಕಸ ರಾಶಿ ಬಿದ್ದು, ಮಾರ್ಚ್ ಕೊನೆಯ ದಿನ ನಗರಾಡಳಿತ ಗಂಭೀರ ಪರಿಸ್ಥಿತಿಯನ್ನು ಘೋಷಿಸಬೇಕಾಯಿತು. ಇಂಗ್ಲೆಂಡಿನಲ್ಲೂ ಬೀದಿ ನಾರುತ್ತದೆಯೆಂದು ನಾವು ಸಮಾಧಾನಪಟ್ಟುಕೊಳ್ಳುವುದಕ್ಕಾಗಿ ಇದನ್ನು ಉಲ್ಲೇಖಿಸುತ್ತಿಲ್ಲ. ನಮ್ಮ ಗಮನ ಬೇರೊಂದು ಅಂಶದ ಮೇಲಿದೆ. ಅಲ್ಲಿ ಕಸ ನಿಂತದ್ದು ಸಾವಿಗಾಗಿ ಕಾಯದೆ ಸುದ್ದಿಯಾಯಿತು. ಏಕೆಂದರೆ ತಮ್ಮ ಬೀದಿಗೆ ಕಸದ ಗಾಡಿ ಯಾವ ವಾರ ಬರಬೇಕೆಂಬುದು ಅಲ್ಲಿ ಪ್ರತಿ ಮನೆಗೂ ಗೊತ್ತು. ದಿನ ಗೊತ್ತಿರುವುದರಿಂದ ತಪ್ಪಿದ್ದೂ ಗೊತ್ತಾಗುತ್ತದೆ. ನಮ್ಮಲ್ಲಿ ನೀರು ಮೂರು ದಿನಕ್ಕೆ ಬರುತ್ತದೋ ಒಂಬತ್ತು ದಿನಕ್ಕೆ ಬರುತ್ತದೋ, ಎಲ್ಲೂ ಬರೆದಿಲ್ಲ. ಬರೆಯದ ಮಾತಿಗೆ ತಪ್ಪಿದರು ಎಂದು ಯಾರ ಮೇಲೆ ದೂರುವುದು? ಬಂದರೆ ಉಪಕಾರ, ಬಾರದಿದ್ದರೆ ಹಣೆಬರಹ.

ಆದ್ದರಿಂದ ನಮ್ಮ ನಾಲ್ಕು ಪಟ್ಟಣಗಳ ಓದುಗರ ಮುಂದೆ ನಾವಿಡುವ ಬೇಡಿಕೆ ಚಿಕ್ಕದು: ಎರಡು ಕಾಗದಗಳು. ಯಾವ ಬೀದಿಗೆ ಯಾವ ದಿನ, ಎಷ್ಟು ಹೊತ್ತಿಗೆ ನೀರು ಬಿಡಲಾಗುವುದೆಂಬ ವೇಳಾಪಟ್ಟಿ ಒಂದು. ಆ ಬೀದಿಯ ತುದಿಯ ನಲ್ಲಿಯಿಂದ ತೆಗೆದ ನೀರಿನ ಪರೀಕ್ಷಾ ವರದಿ, ದಿನಾಂಕ ಸಹಿತ, ಇನ್ನೊಂದು. ಇವೆರಡೂ ಬೀದಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಲಿ. ಪ್ರತಿ ಮಸೀದಿಯಲ್ಲೂ ಐದು ಹೊತ್ತಿನ ನಮಾಝಿನ ಸಮಯವನ್ನು ನಿಮಿಷದ ಲೆಕ್ಕದಲ್ಲಿ ತೋರಿಸುವ ಫಲಕವಿದೆ. ಅದರ ಪಕ್ಕದಲ್ಲಿ, ರಸ್ತೆಗೆ ಮುಖಮಾಡಿ, ಇನ್ನೊಂದು ಫಲಕಕ್ಕೆ ಜಾಗ ಸಿಗಬಾರದೆ? ಮಸೀದಿಯ ಗೋಡೆಯ ಮೇಲೇ ಇರಬೇಕೆಂಬ ಹಟ ನಮಗಿಲ್ಲ. ಬೀದಿಯ ಆ ತುದಿಯ ದೇವಸ್ಥಾನದ ಕಟ್ಟೆಯ ಬಳಿಯಾದರೂ, ಅಂಗನವಾಡಿಯ ಗೋಡೆಯಾದರೂ ಆದೀತು. ಕೊಳವೆ ಒಂದೇ ಆಗಿರುವಾಗ ಅರ್ಜಿಗಳು ಎರಡಾಗುವುದು ಮೂರ್ಖತನ. ಈ ಬೀದಿಯ ಮುಸ್ಲಿಮರದ್ದೊಂದು ಮನವಿ, ಆ ಬೀದಿಯ ಹಿಂದೂಗಳದ್ದೊಂದು ಮನವಿ ಎಂದು ಬೇರೆ ಬೇರೆ ಹೋದರೆ ಕಚೇರಿಯಲ್ಲಿ ಎರಡನ್ನೂ ಬದಿಗಿಡುವುದು ಸುಲಭ. ಎರಡೂ ಬೀದಿಗಳ ಸಹಿ ಒಂದೇ ಕಾಗದದಲ್ಲಿದ್ದರೆ ಅದನ್ನು ಓದಲೇಬೇಕಾಗುತ್ತದೆ.

ಸಹಿ ಯಾರದ್ದಿರಬೇಕು? ಕೊಡ ಹಿಡಿದು ನಿಲ್ಲುವವರದ್ದು. ನೀರಿಗಾಗಿ ಬೆಳಗಿನ ನಿದ್ದೆ ಕೆಡುವುದು ಹೆಂಗಸರದ್ದು, ಶಾಲೆಗೆ ತಡವಾಗುವುದು ಹೆಣ್ಣುಮಕ್ಕಳಿಗೆ. ನೀರಿನ ಬಗ್ಗೆ ಪುರಸಭೆಗೆ ಹೋಗಿ ಮಾತಾಡಿ ಬರುವವರು ಮಾತ್ರ ನಲ್ಲಿ ಎಡಕ್ಕೆ ತಿರುಗುತ್ತದೋ ಬಲಕ್ಕೋ ಎಂದು ತಿಳಿಯದ ಗಂಡಸರು. ಹಳ್ಳಿಗಳಲ್ಲಿ ಜಲಜೀವನ ಮಿಷನ್ ಅಡಿಯಲ್ಲಿ ಪರೀಕ್ಷಾ ಪೆಟ್ಟಿಗೆಗಳನ್ನು ಕೊಟ್ಟು, ಊರಿಗೆ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ನೀಡುವ ವ್ಯವಸ್ಥೆ ಬಂತು. ಪಟ್ಟಣದ ಮೊಹಲ್ಲಾಗಳಲ್ಲಿ ಪಿ.ಯು.ಸಿ. ವಿಜ್ಞಾನ ಓದಿದ ನಮ್ಮ ಹೆಣ್ಣುಮಕ್ಕಳು ಈಗ ಕಡಿಮೆಯಿಲ್ಲ. ಶೀಶೆಯಲ್ಲಿ ನೀರು ತುಂಬಿಸಿಟ್ಟು, ಒಂದೆರಡು ದಿನದಲ್ಲಿ ಕಪ್ಪಗಾದರೆ ಮಲಿನವೆಂದು ತಿಳಿಯುವ ಸರಳ ಪರೀಕ್ಷೆಯನ್ನು ಅವರು ಮನೆಯಲ್ಲೇ ಮಾಡಬಲ್ಲರು. ಜಮಾಅತ್ ಕಮಿಟಿಗಳು ಅವರ ವರದಿಯನ್ನು ಕುಳಿತು ಕೇಳಬೇಕಷ್ಟೆ.

ನಮ್ಮವರೇ ಸದಸ್ಯರಾಗಿದ್ದಾರೆ, ಮಾತಿನಲ್ಲೇ ಮುಗಿಯುತ್ತದೆ ಎನ್ನುವವರಿಗೊಂದು ಮಾತು. ಸಂವಿಧಾನದ 74ನೇ ತಿದ್ದುಪಡಿಯು ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿದ್ದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. 2011ರ ಜನಗಣತಿಯಲ್ಲಿ ನಾಲ್ಕರಲ್ಲಿ ದೊಡ್ಡದಾದ ಶಿರಾದ ಜನಸಂಖ್ಯೆ ಅರವತ್ತು ಸಾವಿರವನ್ನೂ ಮುಟ್ಟಿರಲಿಲ್ಲ. ಆ ಕಡ್ಡಾಯದ ನೆರಳು ನಮ್ಮ ಮೇಲೆ ಬೀಳುವುದಿಲ್ಲ. ಚುನಾಯಿತ ಸದಸ್ಯರಿರಲಿ, ಆಡಳಿತಾಧಿಕಾರಿಯಿರಲಿ, ಬಾಯಿಮಾತಿನ ದೂರಿಗೆ ದಾಖಲೆಯಿಲ್ಲ. ದೂರನ್ನು ಬರೆದುಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. ಪರೀಕ್ಷಾ ವರದಿಯನ್ನು ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಶುಲ್ಕ ಹತ್ತು ರೂಪಾಯಿ; ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ವೇಳಾಪಟ್ಟಿಯನ್ನೂ ಪರೀಕ್ಷಾ ವರದಿಯನ್ನೂ ಒಂದೇ ಅರ್ಜಿಯಲ್ಲಿ ಕೇಳಿದರೆ ತಿರಸ್ಕರಿಸಲು ನೆಪ ಸಿಗುತ್ತದೆ; ಎರಡು ಅರ್ಜಿ ಹಾಕಿ. ಉತ್ತರಕ್ಕೆ ಮೂವತ್ತು ದಿನಗಳ ಅವಧಿಯಿದೆ.

ಬೇಸಿಗೆಗೆ ಮುಂಚೆ ಈ ಕೆಲಸವಾಗಲಿ. ಬಂದ ಉತ್ತರದ ಪ್ರತಿಯನ್ನು ನಮಗೆ ಕಳುಹಿಸಿದರೆ ಬೀದಿಯ ಹೆಸರಿನೊಂದಿಗೆ ಪ್ರಕಟಿಸುತ್ತೇವೆ. ಮೂವತ್ತು ದಿನ ಕಳೆದರೂ ಉತ್ತರ ಬಾರದಿದ್ದರೆ ಸ್ವೀಕೃತಿಯ ಪ್ರತಿಯನ್ನು ಕಳುಹಿಸಿ. ಅದನ್ನೂ ಪ್ರಕಟಿಸುತ್ತೇವೆ.