ಲಾರಿ ಕಛೇರಿಯ ದಫ್ತರಗಳು

ಹಳೆಯ ಲಾರಿಗಳ ಮಾತು ಬಂದಾಗಲೆಲ್ಲ ಉದ್ದ ಮೂತಿಯ ಟಾಟಾ-ಮರ್ಸಿಡಿಸ್-ಬೆಂಜ್ ಗಾಡಿಯನ್ನೇ ಜನ ನೆನೆಯುತ್ತಾರೆ. 1954ರಿಂದ 1969ರವರೆಗೆ, ಜರ್ಮನ್ ಕಂಪನಿಯ ಸಹಯೋಗವಿದ್ದಷ್ಟು ಕಾಲ, ಅದರ ಮುಂಭಾಗದಲ್ಲಿ ಮೂರು ಮೊನೆಯ ನಕ್ಷತ್ರವಿತ್ತು. ಆ ನಕ್ಷತ್ರದ ಮೋಹ ನನಗೂ ಇಲ್ಲದಿಲ್ಲ. ಆದರೆ ಜಮ್‌ಶೆಡ್‌ಪುರದಿಂದ ಬಹುಮಟ್ಟಿಗೆ ಬರುತ್ತಿದ್ದುದು ಎಂಜಿನ್ನು ಮತ್ತು ಷಾಸಿ ಮಾತ್ರ. ಅದಕ್ಕೆ ಮರದ ಮೈ ಕಟ್ಟಿದವರು, ಹಣೆಯ ಮೇಲೆ ದೇವರ ಹೆಸರು ಬರೆದವರು ನಮ್ಮ ಊರುಗಳ ಬಡಗಿಗಳು, ಬಣ್ಣಗಾರರು. ಅವರನ್ನು ನೆನೆಯುವವರಿಲ್ಲ.

ಆ ಕಾಲದ ಸಾಗಾಣಿಕೆ ಸಂಸ್ಥೆಗಳು ಒಂದೊಂದು ಸೀಮೆಗೆ ಸೇರಿದ್ದವು. ಇದಕ್ಕೆ ಮಾಲೀಕರ ಊರಭಿಮಾನವೊಂದೇ ಕಾರಣವಲ್ಲ. 1939ರ ಮೋಟಾರು ವಾಹನ ಕಾಯಿದೆಯಂತೆ ಒಂದು ಪ್ರದೇಶದ ಪರ್ಮಿಟ್ಟು ಮತ್ತೊಂದರಲ್ಲಿ ನಡೆಯಬೇಕಾದರೆ ಸಾಮಾನ್ಯವಾಗಿ ಅಲ್ಲಿನ ಅಧಿಕಾರಿಗಳ ಮೇಲುರುಜು ಬೇಕಿತ್ತು. 1975ರಲ್ಲಿ ರಾಷ್ಟ್ರೀಯ ಪರ್ಮಿಟ್ಟು ಬಂದು ಈ ಬೇಲಿ ಸಡಿಲವಾಯಿತು. ಮರುವರ್ಷ ವಿಜಯ ಸಂಕೇಶ್ವರರು ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ಉದ್ಯಮ ದೇಶದ ಉದ್ದಗಲಕ್ಕೂ ಹಬ್ಬಿತು. 2022ರಲ್ಲಿ ಆ ಕಥೆ ಚಲನಚಿತ್ರವೂ ಆಯಿತು. ಹಾಗೆ ಬೆಳೆಯದೆ ಬಾಗಿಲು ಹಾಕಿದ ಸಂಸ್ಥೆಗಳ ಕಥೆಯನ್ನು ಹೇಳುವವರಾರು?

ಮಾಲಿನ ರಸೀದಿಗಳೂ ಬಾಡಿಗೆಯ ಲೆಕ್ಕದ ಪುಸ್ತಕಗಳೂ ಹೇಳಬೇಕು. ಮಲೆನಾಡಿನ ಅಡಕೆ, ಮಂಗಳೂರಿನ ಹೆಂಚು, ಬ್ಯಾಡಗಿಯ ಮೆಣಸಿನಕಾಯಿ ಯಾವ ತಿಂಗಳು ಯಾವ ಪೇಟೆಗೆ, ಎಷ್ಟು ಬಾಡಿಗೆಗೆ ಹೋಯಿತೆಂಬುದು ಅಲ್ಲಿದೆ. ಶಾಸನಗಳಿಗಾಗಿ ಕಲ್ಲು ಕಲ್ಲನ್ನೂ ತಡವುವ ನಮ್ಮ ಇತಿಹಾಸದ ಅಧ್ಯಾಪಕರಿಗೆ ಇವು ಮಾತ್ರ ಏಕೆ ಬೇಡವಾದವೋ! ಬರುವ ಬೇಸಗೆಯ ರಜೆಯಲ್ಲಿ ಅವರು ವಿದ್ಯಾರ್ಥಿಗಳನ್ನು ತಮ್ಮ ಊರಿನ ಹಳೆಯ ಲಾರಿ ಕಛೇರಿಗೊಮ್ಮೆ ಕಳಿಸಲಿ. ಅಟ್ಟದ ಮೇಲಿನ ದಫ್ತರಗಳನ್ನು ರದ್ದಿಯವನಿಗೆ ತೂಗಿಕೊಡುವ ಮೊದಲು ಕೇಳಿ ಪಡೆಯಲಿ.